ಹೊರಗಿನ ರೂಮಿನವಳ ಪ್ಲಾನು

ನಮ್ಮ ಬೀದಿಯಲ್ಲಿ ಎಲ್ಲರೂ ನನ್ನನ್ನು ‘ಮಿಸ್’ ಅಂತಲೇ ಕರೆಯುತ್ತಾರೆ. ನಾನು ಜೀವಮಾನದಲ್ಲಿ ಒಂದು ದಿನವೂ ಪಾಠ ಮಾಡಿದವಳಲ್ಲ. ಕಾನ್ವೆಂಟ್ ಸ್ಕೂಲಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿದೆ, ಟಿ.ಸಿ. ಬರೆದೆ, ಲೇಟಾಗಿ ಬಂದ ಮಕ್ಕಳ ಡೈರಿಗೆ ಸೀಲು ಒತ್ತಿದೆ. ಸಂಜೆ ಕಾನ್ವೆಂಟ್ ಗೇಟಿನಿಂದ ಕೈಚೀಲ, ಛತ್ರಿ ಹಿಡಿದು ಹೊರಗೆ ಬರುವ ಹೆಂಗಸು ಟೀಚರೇ ಇರಬೇಕು ಎಂದು ರಾಮನಗರ ತೀರ್ಮಾನಿಸಿಬಿಟ್ಟಿತು. ನಾನೂ ಕರೆಕ್ಟ್ ಮಾಡಲು ಹೋಗಲಿಲ್ಲ. ಸುಳ್ಳಾದರೂ ಕಿವಿಗೆ ಹಿತವಾಗಿತ್ತು.

ಯಾಕೆಂದರೆ ಟೀಚರ್ ಆಗಬೇಕು ಎನ್ನುವುದು ನನ್ನ ಆಸೆಯೇ ಆಗಿತ್ತು. ಬೆಂಗಳೂರಿನ ಬೋರ್ಡಿಂಗಿನಲ್ಲಿ ಓದುತ್ತಿದ್ದಾಗ ಸಿಸ್ಟರ್ ಒಬ್ಬರು ‘ಮೈ ಏಮ್ ಇನ್ ಲೈಫ್’ ಎಂದು ಎಸ್ಸೆ ಬರೆಸಿದರು. ಎರಡು ಪುಟ ಬರೆದೆ. ಮಾರ್ಜಿನ್ನಿನಲ್ಲಿ ಕೆಂಪು ಇಂಕಿನಲ್ಲಿ ‘ವೆರಿ ನೀಟ್’ ಎಂದು ಬಂತು. ಅವರು ಮೆಚ್ಚಿದ್ದು ನನ್ನ ಹ್ಯಾಂಡ್‌ರೈಟಿಂಗನ್ನೋ ಏಮನ್ನೋ, ಇವತ್ತಿಗೂ ಡೌಟು. ಪಿಯುಸಿ ಮುಗಿದ ಬೇಸಿಗೆಯಲ್ಲಿ ನಮ್ಮ ತಂದೆ ಮನೆದೇವರ ಮುಂದೆ ಹೂ ಕೇಳಿಸಿದರು. ಗೊತ್ತಿಲ್ಲದವರಿಗೆ ಹೇಳಬೇಕು: ನಮ್ಮ ಕಡೆ ದೊಡ್ಡ ತೀರ್ಮಾನ ಯಾವುದೇ ಇರಲಿ, ಪೂಜಾರಿ ದೇವರ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಮನೆಯ ಹಿರಿಯರು ಕೈಮುಗಿದು ಪ್ರಶ್ನೆ ಹೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ನಮ್ಮ ತಂದೆ ಕೇಳಿದ್ದು, ‘ಮಗಳಿಗೆ ಟೈಪಿಂಗ್ ಕಲಿಸಬಹುದಾ?’ ಎಂದು. ಬಲಗಡೆ ಬಿತ್ತು. ಟೀಚರ್ ಎನ್ನುವ ಮಾತು ದೇವರ ಕಿವಿಗೆ ಹೋಗಲೇ ಇಲ್ಲ. ನಾನು ಕಂಬದ ಪಕ್ಕ ನಿಂತಿದ್ದೆ, ಬಾಯಿ ಬಿಡಲಿಲ್ಲ. ದೇವರ ಮೇಲೆ ನನಗೆ ಕಂಪ್ಲೇಂಟ್ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೆ.

ಇಷ್ಟೆಲ್ಲ ಹೇಳಿದ್ದು ನನ್ನ ಕಥೆ ಹೇಳುವುದಕ್ಕಲ್ಲ. ನಮ್ಮ ಹೊರಗಿನ ರೂಮಿನ ಹುಡುಗಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಅರ್ಥವಾಗಬೇಕಲ್ಲ, ಅದಕ್ಕೆ.

ಯಜಮಾನರು ತೀರಿಹೋದ ಮೇಲೆ ಬೀದಿ ಕಡೆಯ ರೂಮನ್ನು ಬಾಡಿಗೆಗೆ ಕೊಟ್ಟೆ. ಬಂದವಳು ಕೂಟಗಲ್ ಕಡೆಯ ಒಂದು ಹಳ್ಳಿಯ ಹುಡುಗಿ, ಬಿ.ಎಸ್ಸಿ. ಮಾಡಿದವಳು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯ ಕ್ವಾಲಿಟಿ ಸೆಕ್ಷನ್ನಿನಲ್ಲಿ ಕೆಲಸ. ಕಂಪನಿ ಬಸ್ಸು ಬೆಳಿಗ್ಗೆ ಆರಕ್ಕೇ ನಮ್ಮ ಸರ್ಕಲ್ಲಿಗೆ ಬರುತ್ತದೆ. ಊರಿನಿಂದ ಆ ಹೊತ್ತಿಗೆ ಬರಲಾಗುವುದಿಲ್ಲ ಎಂದು ಇಲ್ಲಿ ರೂಮು ಹಿಡಿದಳು. ಶನಿವಾರ ಸಂಜೆ ಊರಿಗೆ ಹೋಗಿ ಭಾನುವಾರ ರಾತ್ರಿ ವಾಪಸು ಬರುವಳು. ಊರಿನಿಂದ ವಾಪಸು ಬಂದಾಗಲೆಲ್ಲ ಅವಳ ಬ್ಯಾಗಿನಲ್ಲಿ ಅವರವ್ವ ಕಟ್ಟಿದ ಹುಚ್ಚೆಳ್ಳು ಚಟ್ನಿಪುಡಿ, ಉಗುರಿನ ಸಂದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು. ಅವರ ಮನೆಯಲ್ಲಿ ತಾತನ ಕಾಲದಿಂದ ರೇಷ್ಮೆ ಹುಳು ಮೇಯಿಸುತ್ತಾರೆ. ಸಿಗುವ ಒಂದು ದಿನದ ರಜೆಯಲ್ಲಿ ಮಲಗುವುದು ಬಿಟ್ಟು ಹುಳಕ್ಕೆ ಸೊಪ್ಪು ಹಾಕುತ್ತಾಳಲ್ಲ ಎಂದು ನನಗೆ ಪಾಪ ಅನಿಸುತ್ತಿತ್ತು. ಅದು ನನ್ನ ಮೊದಲನೇ ತಪ್ಪು.

ನಾಲ್ಕನೇ ವರ್ಷದ ಕೊನೆಗೆ ಕಂಪನಿಯವರು ಅವಳಿಗೆ ಒಂದು ಲೆಟರ್ ಕೊಟ್ಟರು. ಪರ್ಮನೆಂಟ್ ಮಾಡುತ್ತೇವೆ, ಸೆಕ್ಷನ್ನಿಗೆ ಲೀಡರ್ ಮಾಡುತ್ತೇವೆ, ಆದರೆ ಮೂರು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಸೈನ್ ಹಾಕಬೇಕು. ಮುಂದಿನ ವಾರದ ಶುಕ್ರವಾರದೊಳಗೆ ಹೇಳಬೇಕು. ಹತ್ತು ದಿನ ಟೈಮು. ಹುಡುಗಿ ಆ ಲೆಟರನ್ನು ನನ್ನ ಡೈನಿಂಗ್ ಟೇಬಲ್ಲಿನ ಮೇಲಿಟ್ಟು, ಸೈನ್ ಹಾಕುವ ಮುಖವನ್ನೇನೂ ಮಾಡದೆ, ಕಾಫಿ ಕುಡಿದು ಹೋದಳು.

ಆ ಮುಖ ನೋಡಿ ನನ್ನೊಳಗಿನ ಟೀಚರ್ ಎದ್ದು ಕೂತಳು ನೋಡಿ. ಹುಡುಗಿ ಬುದ್ಧಿವಂತೆ, ಮಾತು ಸ್ಪಷ್ಟ, ಸಹನೆ ಇದೆ, ಇವಳು ಟೀಚರ್ ಆಗಬೇಕಾದವಳು! ಅವಳ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ರೂಮಿನ ಅಗ್ರಿಮೆಂಟಿನ ಜೊತೆ ನನ್ನ ಹತ್ತಿರವೇ ಇತ್ತು. ಬಿ.ಎಡ್. ಕಾಲೇಜಿಗೆ ಆಟೋದಲ್ಲಿ ಹೋಗಿ ಅರ್ಜಿ ತಂದೆ. ನನ್ನ ಕಾನ್ವೆಂಟ್ ಅಕ್ಷರದಲ್ಲಿ, ಕ್ಯಾಪಿಟಲ್ಸಿನಲ್ಲಿ, ಒಂದು ಚಿತ್ತೂ ಇಲ್ಲದೆ ತುಂಬಿದೆ. ಸಹಿಯ ಜಾಗ ಮಾತ್ರ ಖಾಲಿ ಬಿಟ್ಟೆ. ಇದರ ಜೊತೆಗೆ ಒಂದು ಚಾರ್ಟ್ ಬೇರೆ: ಮೊದಲ ವರ್ಷ ಇದು, ಎರಡನೇ ವರ್ಷ ಅದು, ಮೂರನೇ ವರ್ಷ ಕನಕಪುರದಲ್ಲೋ ಮಾಗಡಿಯಲ್ಲೋ ಒಂದು ಒಳ್ಳೇ ಸ್ಕೂಲಿನಲ್ಲಿ ಸೈನ್ಸ್ ಟೀಚರ್. ಬಾಣದ ಗುರುತುಗಳಿಗೆ ಸ್ಕೆಚ್ ಪೆನ್ ಉಪಯೋಗಿಸಿದ್ದೆ.

ಹುಡುಗಿ ಡ್ಯೂಟಿ ಮುಗಿಸಿ ಬಂದಳು. ಚಾರ್ಟನ್ನು ಮೇಲಿಂದ ಕೆಳಕ್ಕೆ ಎರಡು ಸಲ ಓದಿದಳು.

“ತುಂಬ ಚೆನ್ನಾಗಿದೆ ಮಿಸ್. ಯಾರದ್ದು ಇದು?”

“ನಿಂದೇ ಅಲ್ವೇನಮ್ಮ!”

“ನಂದಾ? ಇದರಲ್ಲಿ ನಾನೆಲ್ಲಿದ್ದೀನಿ?” ನಗುತ್ತಲೇ ಕೇಳಿದಳು. “ನನಗೆ ಮಕ್ಕಳು ಅಂದ್ರೆ ತಲೆನೋವು ಮಿಸ್. ನಮ್ಮಕ್ಕನ ಮಗು ಅರ್ಧ ಗಂಟೆ ತೊಡೆ ಮೇಲಿದ್ರೆ ನನ್ನ ಪ್ರಾಣ ಹೋಗುತ್ತೆ. ಅಂಥದ್ದರಲ್ಲಿ ಅರವತ್ತು ಮಕ್ಕಳು!”

“ಕಂಪನಿ ಬೇಡ, ಟೀಚರ್ ಬೇಡ, ಮತ್ತಿನ್ನೇನು ಮಾಡ್ತೀಯ?”

“ಕೇಳಿದ್ರಲ್ಲ ಈಗ. ಚಾರ್ಟ್ ಬರೆಯೋಕೆ ಮುಂಚೆ ಕೇಳಿದ್ರೆ ನಿಮ್ಮ ಸ್ಕೆಚ್ ಪೆನ್ನಾದ್ರೂ ಉಳೀತಿತ್ತು.”

ನನಗೆ ಮುಖ ಬಿಸಿಯಾಯಿತು. ಐವತ್ತು ವರ್ಷ ನಮ್ಮ ತಂದೆಯ ಬಗ್ಗೆ ಏನು ಗೊಣಗಿಕೊಂಡಿದ್ದೆನೋ, ಅದನ್ನೇ, ಅದೂ ನೀಟಾಗಿ, ನಾನು ಮಾಡಿದ್ದೆ.

ಅವಳು ರೂಮಿನಿಂದ ಒಂದು ಫೈಲ್ ತಂದಳು. ಕಂಪನಿಯ ಚೆಕ್‌ಲಿಸ್ಟಿನ ಹಾಗೆ ಗೆರೆ ಹಾಕಿದ ಹಾಳೆಗಳು. ಅವಳಿಗೆ ಬೇಕಾಗಿದ್ದುದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆದಾಗ ಹುಳು ಇರುವೆಗಿಂತ ಸಣ್ಣದು. ಆ ಎಳೇ ಹುಳುವನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಹದವಾದ ಶಾಖದಲ್ಲಿ ಸಾಕಿ ರೈತರಿಗೆ ಕೊಡುವುದಕ್ಕೆ ಚಾಕಿ ಎನ್ನುತ್ತಾರೆ. ಆ ಹತ್ತು ದಿನ ಕೆಟ್ಟರೆ ಮುಂದಿನ ಬೆಳೆಯೆಲ್ಲ ಕೆಟ್ಟ ಹಾಗೆ. ರೈತರು ಊರೂರು ಅಲೆದು ಒಳ್ಳೆಯ ಚಾಕಿ ಹುಡುಕುತ್ತಾರಂತೆ.

“ಕಂಪನೀಲಿ ನಾಲ್ಕು ವರ್ಷ ನಾನು ಕಲಿತಿದ್ದು ಇದೇ ಮಿಸ್. ಕೈ ತೊಳೀದೆ ಒಳಗೆ ಬರಬಾರದು. ಗಂಟೆಗೊಂದು ಸಲ ಟೆಂಪರೇಚರ್ ಬರೀಬೇಕು. ಒಂದು ಪೀಸು ಕೆಟ್ಟಿದ್ರೆ ಇಡೀ ಲಾಟ್ ನಿಲ್ಲಿಸಬೇಕು. ಅಲ್ಲಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಮಾಡ್ತಿದ್ದೆ, ಇಲ್ಲಿ ಜೀವಕ್ಕೆ ಮಾಡ್ತೀನಿ.”

ಫೈಲಿನಲ್ಲಿ ಎಲ್ಲ ಇತ್ತು. ಮುಂದಿನ ತಿಂಗಳು ಸರ್ಕಾರದ ಟ್ರೈನಿಂಗ್. ಆಮೇಲೆ ಚನ್ನಪಟ್ಟಣದ ಹತ್ತಿರದ ಒಂದು ಚಾಕಿ ಕೇಂದ್ರದಲ್ಲಿ ಆರು ತಿಂಗಳು ಕೂಲಿಯವಳ ಹಾಗೆ ಕೆಲಸ. ಅಲ್ಲಿಯ ಯಜಮಾನಿಯ ಹತ್ತಿರ ಆಗಲೇ ಮಾತಾಡಿದ್ದಳು. ಆಮೇಲೆ ಸ್ವಂತ, ಮೊದಲು ಚಿಕ್ಕದಾಗಿ. ಕೊನೆಯ ಹಾಳೆಯಲ್ಲಿ ‘ಆಗದಿದ್ದರೆ’ ಎಂದು ಹೆಡ್ಡಿಂಗ್ ಹಾಕಿ, ಅದರ ಕೆಳಗೂ ನಾಲ್ಕು ಸಾಲು ಬರೆದಿದ್ದಳು. ನನ್ನ ಚಾರ್ಟಿನಲ್ಲಿ ‘ಆಗದಿದ್ದರೆ’ ಇರಲಿಲ್ಲ.

“ನಿಮ್ಮಪ್ಪನಿಗೆ ಹೇಳಿದ್ದೀಯಾ?”

“ಅದೊಂದು ಮಾತ್ರ ಫೈಲಲ್ಲಿಲ್ಲ ಮಿಸ್.”

ಅಪ್ಪನಿಗೆ ಹೇಳುವ ಮೊದಲೇ ಅಪ್ಪ ಬಂದ. ಆ ಭಾನುವಾರ ಹುಡುಗಿ ಊರಿಗೆ ಹೋಗಿರಲಿಲ್ಲ, ಹಾಗಾಗಿ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬಂದವನು ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಎತ್ತರದ ಆಳು, ಹೆಗಲ ಮೇಲೆ ಟವೆಲ್ಲು. ಪರ್ಮನೆಂಟ್ ವಿಷಯ ಅವನ ಕಿವಿಗೆ ಬಿದ್ದಿತ್ತು. ಆನಂದವೋ ಆನಂದ.

“ಕಂಪನೀಲಿ ಖಾಯಂ ಅಂತಲ್ಲವ್ವ ಮಿಸ್ಸಮ್ಮಾರೆ! ನಮ್ ವಂಸದಲ್ಲೇ ಯಾರೂ ಖಾಯಂ ಆಗಿರ್ನಿಲ್ಲ.”

ಹುಡುಗಿ ನಿಂತಲ್ಲೇ ಎಲ್ಲ ಹೇಳಿದಳು. ಅಪ್ಪನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು.

“ಏನವ್ವ ನಿಂಗೆ ಬಂದಿರೋದು? ಹುಳಿನ್ ಮನೆಯಿಂದ ಆಚೀಕ್ ಹೋಗ್ಲಿ ಅಂತ ತಾನೆ ನಿನ್ನ ಬಿ.ಎಸ್ಸಿ. ಓದ್ಸಿದ್ದು? ವಾಪಸ್ ಹುಳಿನ್ ಮನೇಗೇ ಬತ್ತೀನಿ ಅಂತೀಯಲ್ಲ!”

“ಓದಿರೋದ್ಕೇ ಬತ್ತೀನಿ ಅಂತಿರೋದು ಕಣಪ್ಪ.”

“ಜನ ಏನಂದಾರು? ಕೆಲಸದಿಂದ ತೆಗ್ದಾಕ್‌ಬುಟ್ರು ಅಂತಾರೆ.”

“ಅನ್ಲಿ. ಅವ್ರಿಗೂ ಚಾಕಿ ಬೇಕಲ್ಲ, ಬತ್ತಾರೆ.”

ಅವನು ನನ್ನ ಕಡೆ ತಿರುಗಿದ. “ಮಿಸ್ಸಮ್ಮ, ಓದಿರೋರು ನೀವು. ಒಸಿ ಬುದ್ಧಿ ಹೇಳಿ.” ನಾನು ಟೇಬಲ್ಲಿನ ಮೇಲಿದ್ದ ಬಿ.ಎಡ್. ಅರ್ಜಿಯನ್ನು ಮೆಲ್ಲಗೆ ನ್ಯೂಸ್ ಪೇಪರಿನ ಕೆಳಗೆ ತಳ್ಳಿ, “ನಾನು ಬುದ್ಧಿ ಹೇಳಿ ಆಗಲೇ ಒಂದು ಸಲ ಬೈಸಿಕೊಂಡಿದ್ದೀನಿ” ಎಂದೆ.

ಕೊನೆಗೆ ಅವನು ಟವೆಲ್ಲು ಕೊಡವಿ ಎದ್ದ. “ಆಯ್ತು. ನಂದೂ ಬ್ಯಾಡ, ನಿಂದೂ ಬ್ಯಾಡ. ಮಂಗಳವಾರ ಅಮ್ಮನ ಮುಂದೆ ಹೂ ಕೇಳುವಾ. ತಾಯಿ ಹೆಂಗಂದ್ರೆ ಹಂಗೆ.”

ಹುಡುಗಿ ಮಂಗಳವಾರ ರಜೆ ಹಾಕಿದಳು. “ನೀವೂ ಬನ್ನಿ ಮಿಸ್” ಅಂದಳು. ಹೂ ಕೇಳುವ ಜಾಗಕ್ಕೆ ಪಿಯುಸಿ ಆದಮೇಲೆ ನಾನು ಕಾಲಿಟ್ಟಿರಲಿಲ್ಲ. ಬೇರೆ ದೇವಸ್ಥಾನಗಳಿಗೆಲ್ಲ ಹೋಗುತ್ತೇನೆ, ಕೆಂಗಲ್ ಆಂಜನೇಯನಿಗೆ ತಪ್ಪಿಸುವುದೇ ಇಲ್ಲ. ಇದೊಂದು ಮಾತ್ರ ಬೇಡ ಎಂದಿದ್ದೆ. ಆದರೂ ಹೋದೆ. ಬಾಯಿ ಬಿಡುವುದಿಲ್ಲ ಎಂದು ಹುಡುಗಿಗೆ ಪ್ರಾಮಿಸ್ ಮಾಡಿ ಹೋದೆ.

ಊರ ಅಮ್ಮನ ಗುಡಿ ಚಿಕ್ಕದು, ಮೂರು ಜನ ನಿಂತರೆ ಭರ್ತಿ. ಅಪ್ಪ, ಅವ್ವ, ಹುಡುಗಿ ಒಳಗೆ. ನಾನು ಹೊಸ್ತಿಲ ಆಚೆ, ಸ್ಟೂಲಿನ ಮೇಲೆ. ಪೂಜಾರಿ ವಯಸ್ಸಾದವನು, ಉಪವಾಸದಲ್ಲಿದ್ದ, ಬೇಗ ಮುಗಿಸಿ ಊಟಕ್ಕೆ ಹೋಗುವ ಆತುರ ಅವನ ಕೈಯಲ್ಲೇ ಕಾಣುತ್ತಿತ್ತು. ಅಮ್ಮನ ಎರಡು ಭುಜಕ್ಕೂ ಕಣಗಿಲೆ ಹೂ ಅಂಟಿಸಿ, “ಕೇಳ್ಕೊಳಪ್ಪ” ಎಂದ.

ಅಪ್ಪ ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡ. “ತಾಯೇ, ಮಗಳು ಕಂಪನೀಲಿ...”

“ಅಪ್ಪಾ, ಒಸಿ ತಡಿ” ಎಂದಳು ಹುಡುಗಿ. “ನನ್ ವಿಷ್ಯ ನಾನೇ ಮಾತಾಡ್ತೀನಿ.”

ಪೂಜಾರಿ ಹುಬ್ಬು ಎತ್ತಿದ. ಹೆಣ್ಣುಮಕ್ಕಳು ತಮ್ಮ ಪ್ರಶ್ನೆ ತಾವೇ ಕೇಳಬಾರದು ಎಂದು ಎಲ್ಲೂ ಬರೆದಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಅವಳು ಅಮ್ಮನ ಎದುರು ನಿಂತಳು. ಆಫೀಸಿನಲ್ಲಿ ರಿಪೋರ್ಟ್ ಒಪ್ಪಿಸುವ ದನಿ.

“ತಾಯಿ, ನಾನು ಕೇಳಾಕ್ ಬಂದಿಲ್ಲ, ಹೇಳಾಕ್ ಬಂದಿವ್ನಿ. ಕಂಪನಿ ಬುಡ್ತಾ ಇವ್ನಿ. ಚಾಕಿ ಮಾಡ್ತೀನಿ. ತಪ್ಪಾದ್ರೆ ನಂದೇ ತಪ್ಪು, ನಿನ್ ಮೇಲೂ ಹಾಕಾಕಿಲ್ಲ, ಅಪ್ಪನ್ ಮೇಲೂ ಹಾಕಾಕಿಲ್ಲ. ಹುಳು ಚೆನ್ನಾಗಿರ್ಲಿ ಅಂತ ಮಾತ್ರ ನೋಡ್ಕೊ.”

ಪೂಜಾರಿ ಒಂದು ಕ್ಷಣ ಕಾದು, “ಪ್ರಶ್ನೆ?” ಎಂದ.

“ಅಷ್ಟೇ ಸ್ವಾಮಿ.”

“ಅಷ್ಟೇ ಅಂದ್ರೆ? ಬಲಗಡೆ ಬಿದ್ರೆ ಏನು, ಎಡಗಡೆ ಬಿದ್ರೆ ಏನು? ಪ್ರಶ್ನೆ ಇದ್ರೆ ತಾನೆ ಕಣವ್ವ ನಾನು ಹೇಳಾದು!”

“ಇರು ಸ್ವಾಮಿ, ತಾಯಿ ಏನಾರ ಹೇಳ್ತಾಳೆ” ಎಂದ ಅಪ್ಪ. ಕಾದೆವು. ಹೂ ಅಲ್ಲಾಡಲಿಲ್ಲ. ಪೂಜಾರಿ ಗಂಟೆ ಬಾರಿಸಿದ. ಇನ್ನೊಮ್ಮೆ ಆರತಿ ಎತ್ತಿದ. ಬಲಗಡೆಯದೂ ಕೂತಲ್ಲೇ, ಎಡಗಡೆಯದೂ ಕೂತಲ್ಲೇ. ಹೊರಗೆ ಒಂದು ಕೋಳಿ ಬಂದು ನನ್ನ ಸ್ಟೂಲಿನ ಸುತ್ತ ಎರಡು ಸುತ್ತು ಹೊಡೆದು ಹೋಯಿತು. ಅಪ್ಪನ ಕೈ ಮುಗಿದು ಮುಗಿದು ಸೋತು ಹೊಟ್ಟೆಯ ಮೇಲಕ್ಕೆ ಇಳಿಯಿತು. ಪೂಜಾರಿಯ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುರ್ರೆಂದಿತು.

ಕೊನೆಗೆ ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: “ತಾಯಿಗೇನು ಕೆಲಸ ಇಲ್ವಾ? ಮಗಳು ತೀರ್ಮಾನ ಮಾಡ್ಕಂಡೇ ಬಂದವ್ಳೆ, ನಾನ್ಯಾಕೆ ಮಧ್ಯದಲ್ಲಿ ಅಂತ ಸುಮ್ಕವ್ಳೆ. ನಡೀರಿ, ಮುದ್ದೆ ಆರೋಯ್ತದೆ.”

ಪೂಜಾರಿಯೇ ಎಲ್ಲರಿಗಿಂತ ಮೊದಲು ನಕ್ಕ. ತೀರ್ಥ ಕೊಟ್ಟ. ಎರಡು ಹೂವನ್ನೂ ಕೈಯಿಂದಲೇ ತೆಗೆದು ಒಂದನ್ನು ಹುಡುಗಿಗೂ ಇನ್ನೊಂದನ್ನು ಅವ್ವನಿಗೂ ಮುಡಿಯಲು ಕೊಟ್ಟ.

ಅಪ್ಪ ಮಾತ್ರ ನಗಲಿಲ್ಲ. ಮನೆಯ ಕಡೆ ಮುಂದೆ ಮುಂದೆ ನಡೆದ. ಅರ್ಧ ದಾರಿಯಲ್ಲಿ, ಅವನ ಹುಳುವಿನ ಮನೆಯ ಹತ್ತಿರ ಗಕ್ಕನೆ ನಿಂತ. ಪಕ್ಕದಲ್ಲೇ ಒಂದು ಖಾಲಿ ರೂಮಿತ್ತು, ಸಿಮೆಂಟ್ ನೆಲ, ಗಟ್ಟಿ ಮಾಡು.

“ಸರಿ ಕಣವ್ವ. ಮಾಡ್ತೀನಿ ಅಂತೀಯ. ತಕ್ಕೊ ಈ ರೂಮು. ಬಾಡಿಗೆ ಬ್ಯಾಡ, ಕರೆಂಟೂ ಐತೆ. ಇಲ್ಲೇ ಮಾಡು.”

ಎಷ್ಟು ದೊಡ್ಡ ಮನಸ್ಸು ಎಂದು ನನಗೆ ಕಣ್ಣು ತುಂಬಿತು. ಥ್ಯಾಂಕ್ಸ್ ಹೇಳಮ್ಮ ಎನ್ನಬೇಕು ಎಂದು ಬಾಯಿ ತೆರೆದೆ, ಪ್ರಾಮಿಸ್ ನೆನಪಾಗಿ ಮುಚ್ಚಿದೆ. ಹುಡುಗಿ ಆ ರೂಮಿನ ಬಾಗಿಲನ್ನೂ ಮುಟ್ಟಲಿಲ್ಲ.

“ಬ್ಯಾಡ ಕಣಪ್ಪ. ದೊಡ್ಡ ಹುಳಿನ ಮನೆ ಗೋಡೆಗೆ ಅಂಟ್ಕಂಡು ಚಾಕಿ ಮಾಡಾರಾ? ನಿನ್ ಹುಳದ ರೋಗ ನನ್ ಹುಳಕ್ಕೆ ದಾಟ್ತದೆ. ಅಜ್ಜಿ ಇದ್ದ ತೋಟದ ಮನೆ ಕೊಡು. ಅದಾದ್ರೆ ಊರಿಂದಾಚೆ ಐತೆ.”

ಅಪ್ಪ ಅವಳನ್ನೇ ನೋಡಿದ. ಮೀಸೆಯ ಕೆಳಗೆ ಏನೋ ಅಲ್ಲಾಡಿತು. “ಗೊತ್ತದಲ್ಲ ನಿಂಗೆ” ಎಂದ. “ಈ ರೂಮಿಗೆ ಹೂಂ ಅಂದಿದ್ರೆ ಇವತ್ತೇ ವಾಪಸ್ ಕಂಪನಿಗೆ ಅಟ್ಟುಬುಡ್ತಿದ್ದೆ.”

ಆಗ ನನಗೆ ತಿಳಿಯಿತು, ಅದು ದೊಡ್ಡ ಮನಸ್ಸಲ್ಲ, ಪರೀಕ್ಷೆ. ಅಲ್ಲಿದ್ದವರಲ್ಲಿ ಫೇಲಾದವಳು ನಾನೊಬ್ಬಳೇ.

ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಅಪ್ಪ ತಟ್ಟೆಯ ಮುಂದೆ ಕೂತು ಇನ್ನೂ ಏನೇನೋ ಕೇಳಿದ. ಸುಣ್ಣ ಯಾವಾಗ ಎರಚ್ತೀಯ, ಸೊಪ್ಪು ಎಷ್ಟು ಸಣ್ಣಕ್ ಹೆಚ್ತೀಯ, ಚಳಿಗಾಲಕ್ಕೆ ಏನ್ ಮಾಡ್ತೀಯ. ಅವಳು ತಿನ್ನುತ್ತಲೇ ಉತ್ತರ ಕೊಟ್ಟಳು. ಎರಡು ಕಡೆ ಅವನು ತಿದ್ದಿದ, ಒಂದು ಕಡೆ ಅವಳು ಅವನನ್ನೇ ತಿದ್ದಿದಳು. ಅವ್ವ ಇಬ್ಬರ ತಟ್ಟೆಗೂ ಇನ್ನರ್ಧ ಮುದ್ದೆ ಹಾಕಿ, “ಮಿಸ್ಸಮ್ಮ, ಇವ್ರಿಬ್ರೂ ಹಿಂಗೇ. ನೀವು ಸಾರು ಹಾಕಿಸ್ಕಳಿ” ಎಂದಳು.

ಗುರುವಾರ ಹುಡುಗಿ ಕಂಪನಿಗೆ ಕೊಡುವ ರಾಜೀನಾಮೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ನನ್ನ ಮುಂದಿಟ್ಟಳು.

“ಗ್ರಾಮರ್ ಮಾತ್ರ ನೋಡಿ ಮಿಸ್. ಮ್ಯಾಟರ್ ಮುಟ್ಟಬೇಡಿ.”

ನನ್ನ ಕೈ ಎಷ್ಟು ಕಡಿಯಿತೆಂದರೆ! ಕೊನೆಯಲ್ಲಿ ಒಂದು ಸುಂದರ ವಾಕ್ಯ ಸೇರಿಸಬಹುದಿತ್ತು, ‘ಇಟ್ ಈಸ್ ವಿತ್ ಅ ಹೆವಿ ಹಾರ್ಟ್’ ಎಂದೇನಾದರೂ. ಆದರೆ ಅವಳ ಹಾರ್ಟ್ ಹೆವಿಯಾಗಿರಲಿಲ್ಲ, ಅದು ನನಗೆ ಕಾಣುತ್ತಿತ್ತು. ಎರಡು ಕಾಮಾ ಹಾಕಿದೆ, ಒಂದು ‘ದ’ ತೆಗೆದೆ, ವಾಪಸು ಕೊಟ್ಟೆ. ನನ್ನ ಲೈಫಿನಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಇನ್ನೊಂದಿಲ್ಲ.

ಆರು ತಿಂಗಳು ಎಂದವಳಿಗೆ ಚನ್ನಪಟ್ಟಣದಲ್ಲಿ ಒಂಬತ್ತು ತಿಂಗಳು ಹಿಡಿಯಿತು. ನಡುವೆ ಒಂದು ಸಲ ಫೋನಿನಲ್ಲಿ ಅತ್ತಳು. ಅವಳು ನೋಡಿಕೊಳ್ಳುತ್ತಿದ್ದ ತಟ್ಟೆಗಳಲ್ಲಿ ತೇವ ಹೆಚ್ಚಾಗಿ ಹುಳು ಸತ್ತಿತ್ತು, ಯಜಮಾನಿ ಎಲ್ಲರೆದುರು ಬೈದಿದ್ದಳಂತೆ. ವಾಪಸು ಬಂದುಬಿಡು ಎಂದು ನಾಲಗೆಯ ತುದಿಗೆ ಬಂತು. “ಏನು ಮಾಡಬೇಕು ಅಂತಿದ್ದೀಯ?” ಎಂದು ಕೇಳಿದೆ. ಮೂಗು ಒರೆಸಿಕೊಂಡು, “ನಾಳೆ ಬೇಗ ಹೋಗಿ ಕಿಟಕಿ ತೆಗೀತೀನಿ ಮಿಸ್” ಎಂದಳು. ಆ ಒಂದು ಪ್ರಶ್ನೆ ಕಲಿಯುವುದಕ್ಕೆ ನನಗೆ ಎಪ್ಪತ್ತು ವರ್ಷ ಬೇಕಾಯಿತು. ಪರವಾಗಿಲ್ಲ, ಬೆಟರ್ ಲೇಟ್.

ಹೊರಗಿನ ರೂಮು ಖಾಲಿಯಾಯಿತು. ಕೆಲವು ದಿನ ಬೆಳಿಗ್ಗೆ ಐದೂವರೆಗೆ ಬಕೆಟ್ಟಿನ ಸದ್ದು ಇಲ್ಲದೆ ನನಗೆ ಎಚ್ಚರವೇ ಆಗುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಅವಳ ತೋಟದ ಮನೆಯಲ್ಲಿ ಮೊದಲನೇ ತಂಡದ ಹುಳು ತಯಾರಾಯಿತು. ನಾನು ಆಟೋ ಮಾಡಿಕೊಂಡು ಹೋದೆ. ಬಾಗಿಲಲ್ಲಿ ಸುಣ್ಣದ ತಟ್ಟೆ, ಕೈ ತೊಳೆಯುವ ನೀರು, ಒಂದು ಬೋರ್ಡು: ‘ಚಪ್ಪಲಿ ಹೊರಗೆ. ಮಾತು ಆಮೇಲೆ.’ ಒಳಗೆ ಬಿಡಲಿಲ್ಲ ನನ್ನನ್ನು. ಪೌಡರ್ ಹಾಕಿಕೊಂಡು ಬಂದಿದ್ದೆನಂತೆ, ಹುಳಕ್ಕೆ ಆ ವಾಸನೆ ಆಗುವುದಿಲ್ಲವಂತೆ. ಎಪ್ಪತ್ತು ದಾಟಿದ ಹೆಂಗಸನ್ನು ಹೀಗೆ ಹೊರಗೆ ನಿಲ್ಲಿಸುವುದಾ ಎಂದು ಕೋಪ ಬರಬೇಕಿತ್ತು, ಬರಲಿಲ್ಲ.

ಹೊಂಗೆ ಮರದ ಕೆಳಗೆ ಅವಳ ಅಪ್ಪ ಆಗಲೇ ಕೂತಿದ್ದ, ಪಕ್ಕದಲ್ಲಿ ಖಾಲಿ ತಟ್ಟೆಗಳು. ಅವನ ಬೆಳೆಗೂ ಚಾಕಿ ಬೇಕಿತ್ತು. ಮಗಳ ಹತ್ತಿರವೇ ಬಂದಿದ್ದ. ಗಂಟೆ ಹನ್ನೆರಡು, ಬಿಸಿಲು ಕಾದ ಹೆಂಚಿನ ಹಾಗೆ.

“ಇನ್ನೂ ಕೊಟ್ಟಿಲ್ವೇನಪ್ಪ?” ಎಂದೆ.

“ಬಿಸ್ಲಲ್ಲಿ ಕೊಡಾಕಿಲ್ವಂತೆ. ಸಂಜೆ ತಂಪಾಗ್ಲಿ ಅಂತವ್ಳೆ. ಹೆತ್ತಪ್ಪ ಅಂತಾನೂ ನೋಡ್ನಿಲ್ಲ ಕಣಮ್ಮ.” ದೂರುವ ದನಿ, ಆದರೆ ಮುಖದಲ್ಲಿ ದೂರು ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಊರಿನ ಒಬ್ಬ ರೈತ ಬೈಕಿನಲ್ಲಿ ಬಂದ. ಅವನಿಗೂ ಬಾಗಿಲಲ್ಲಿ ಅದೇ ಉತ್ತರ ಸಿಕ್ಕಿತು. ನೇರ ಮರದ ಕಡೆ ಬಂದ.

“ಲೇ, ನಿನ್ ಮಗಳಲ್ವೇನ್ಲಾ? ಒಂದ್ ಮಾತು ಹೇಳ್ಲಾ. ಇಷ್ಟು ದೂರದಿಂದ ಬಂದಿವ್ನಿ.”

“ಮನೇಲಿ ಮಗಳು ಕಣ್ಲಾ. ಇಲ್ಲಿ ಮೇಡಮ್ಮು” ಎಂದು ಅಪ್ಪ ಟವೆಲ್ಲಿನಿಂದ ಪಕ್ಕದ ಜಾಗದ ಧೂಳು ಹೊಡೆದ. “ಒಳ್ಳೆ ಹುಳ ಬೇಕು ಅಂದ್ರೆ ಕೂತ್ಕೊ.”

ಆ ರೈತ ಗೊಣಗುತ್ತ ಕೂತ. ನಾನೂ ನನ್ನ ಛತ್ರಿ ಮಡಚಿ ಅವರ ಪಕ್ಕದಲ್ಲಿ ಕೂತು ಸಂಜೆಯಾಗುವುದನ್ನು ಕಾದೆ.